ಪದಚರ್ಚೆ: ಚೀನೀ ಚಿತ್ರಕಲೆಯ ‘ಪೊಮೊ’ – ಎರಚಿದ್ದೋ, ಚೆಲ್ಲಿದ್ದೋ, ಮುರಿದದ್ದೋ?

ಬಲ್ಲವರಿಗೆ ನಮಸ್ಕಾರ. ಚೀನಾದ ಆಧುನಿಕ ಅಮೂರ್ತ ಮಸಿಚಿತ್ರಗಳ ಪ್ರದರ್ಶನವೊಂದರ ಪರಿಚಯ ಕನ್ನಡಕ್ಕೆ ಬರಬೇಕಿದೆ. ಮೂಲ ಇಂಗ್ಲಿಷಿನಲ್ಲಿ ‘ಪೊಮೊ’ ಎರಡು ಕಡೆ ಬರುತ್ತದೆ. ಒಂದು ಕಡೆ ಬಟ್ಟಲಿಂದ ಸುರಿದಂತೆ, ಇನ್ನೊಂದು ಕಡೆ ಒದ್ದೆ ಹಾಳೆಯ ಮೇಲೆ ಕುಂಚ ಆಡಿಸಿದಂತೆ ವಿವರಣೆ ಇದೆ. ಎರಡಕ್ಕೂ ‘ಎರಚುಶಾಯಿ’ ನಡೆದೀತೇ? ‘ಸುಮೊ’ (ಕುಸ್ತಿಯಲ್ಲ), ‘ತ್ಸುನ್’ ಇವಕ್ಕೂ ಪದ ಬೇಕು. ಶಾಯಿ ಎನ್ನುವುದೋ ಮಸಿ ಎನ್ನುವುದೋ, ಅದನ್ನೂ ತಿಳಿಸಿ.

*

ಎರಡು ‘ಪೊಮೊ’ಗಳೂ ಒಂದೇ ಪದವಲ್ಲ. ರೋಮನ್ ಲಿಪಿಯಲ್ಲಿ ದನಿಯ ಏರಿಳಿತದ ಗುರುತು ಬಿಟ್ಟದ್ದರಿಂದ ಅವಳಿಯಂತೆ ಕಾಣುತ್ತಿವೆ. ಮೊದಲನೆಯ ‘ಪೊ’ವನ್ನು ಎತ್ತರದಲ್ಲಿ ಸಮನಾಗಿ ಎಳೆಯಬೇಕು, ಅದರ ಅಕ್ಷರದಲ್ಲಿ ನೀರಿನ ಗುರುತಿದೆ, ನೀರು ಸುರಿಯುವುದು ಎಂದರ್ಥ. ಎರಡನೆಯದನ್ನು ಮೇಲಿಂದ ಕೆಳಕ್ಕೆ ಇಳಿಸಿ ಹೇಳಬೇಕು, ಅಕ್ಷರದಲ್ಲಿ ಕಲ್ಲಿದೆ, ಒಡೆಯುವುದು ಎಂದರ್ಥ. ಈ ಗೊಂದಲ ಇಂದಿನದಲ್ಲ. ಜಪಾನಿನ ಸೆಶ್ಶು 1495ರಲ್ಲಿ ಮಾಡಿದ ಪ್ರಸಿದ್ಧ ಚಿತ್ರಕ್ಕೆ ‘ಹಾಬೊಕು’, ಅಂದರೆ ಒಡೆದ ಮಸಿ, ಎಂಬ ಹೆಸರು ನಿಂತಿದೆ. ಅದರಲ್ಲಿರುವ ಕೆಲಸ ಮಾತ್ರ ಮೊದಲನೆಯ ಬಗೆಯದು.

ಮೊದಲನೆಯದಕ್ಕೆ ‘ಎರಚು’ ಬೇಡ. ಎರಚಿದರೆ ಹನಿಗಳು ಬೀಳುತ್ತವೆ. ಚೀನೀ ಚಿತ್ರಕಾರ ಝಾಂಗ್ ದಾಚ್ಯೆನ್ (1899–1983) ಕಣ್ಣು ಮಂದವಾದ ಮೇಲೆ, 1950ರ ದಶಕದ ಕೊನೆಯಿಂದ, ಹಿಡಿದ ದಾರಿಯಲ್ಲಿ ಮಸಿಯನ್ನೂ ಹಸಿರು-ನೀಲಿ ಖನಿಜ ಬಣ್ಣಗಳನ್ನೂ ಹಾಳೆಯ ಮೇಲೆ ಹರಿಯಬಿಡುತ್ತಾರೆ. ಆಮೇಲೆ ಕುಂಚ ಹಿಡಿದು ಮೂಲೆಯಲ್ಲೊಂದು ಮನೆ, ನಾಲ್ಕು ಮರ ಸೇರಿಸುತ್ತಾರೆ. (ಹಾಗಾಗಿ ಅವರದ್ದು ‘ಅರೆ ಅಮೂರ್ತ’ವೇ ಸರಿ.) ‘ಚೆಲ್ಲುಮಸಿ’ ಅನ್ನಿ. ಚೆಲ್ಲುವುದರಲ್ಲಿ ಕೈತಪ್ಪಿದ ಅರ್ಥವೂ ಇದೆಯಲ್ಲ, ಅದು ಇಲ್ಲಿ ಲಾಭವೇ. ಪಟಿಕ, ಅಂಟು ಬಳಿದ ಹಾಳೆಯಾದರೆ ಮಸಿ ಮೇಲೇ ನಿಂತು, ವಾಲಿಸಿದತ್ತ ಹರಿದು, ಅಂಚಿನಲ್ಲಿ ಕಪ್ಪಗೆ ಕಟ್ಟುತ್ತದೆ. ಏನೂ ಬಳಿಯದ ಶ್ವೆನ್ ಕಾಗದದಲ್ಲಿ (ಚೀನೀ ಚಿತ್ರಕಾರರು ಬಳಸುವ, ಮಸಿ ಹೀರುವ ಕಾಗದ) ಬಿದ್ದಲ್ಲೇ ಇಂಗಿಹೋಗುತ್ತದೆ. ಎಷ್ಟು ವಾಲಿಸಿದರೂ ಕದಲದು.

ಎರಡನೆಯದಕ್ಕೆ ‘ಒಡೆದ ಮಸಿ’ ಎಂದರೆ ನಮ್ಮವರಿಗೆ ಒಡೆದ ಹಾಲೇ ನೆನಪಾಗುತ್ತದೆ. ‘ಮುರಿಮಸಿ’ ಎನ್ನೋಣ: ಖಾರ ಮುರಿಯಲು ಚೂರು ಬೆಲ್ಲ ಹಾಕುತ್ತೇವಲ್ಲ, ಆ ಮುರಿ. ತೆಳು ಮಸಿ ಹಾಸಿ, ಅದು ಆರುವ ಮುನ್ನ ಗಟ್ಟಿ ಮಸಿ ಇಟ್ಟರೆ ಬೇರಿನಂತೆ ನವಿರು ಎಳೆಗಳು ಹೊರಡುತ್ತವೆ. ಗಟ್ಟಿಯದರ ಮೇಲೆ ನೀರು ಬಿಟ್ಟರೆ ಮಸಿ ಸುತ್ತಲೂ ಸರಿದು ನಡುವೆ ಬಿಳಿಚು ಉಳಿಯುತ್ತದೆ. ಹದ ಇಷ್ಟೇ: ಹಾಳೆಯ ಮೇಲಿನ ಹೊಳಪು ಹೋಗಿರಬೇಕು, ಬೆರಳ ಹಿಂಬದಿಗೆ ಇನ್ನೂ ತಣ್ಣಗೆ ತಾಗಬೇಕು. ಅದಕ್ಕೆ ಮುಂಚೆ ಇಟ್ಟರೆ ಎಲ್ಲ ಕಲೆತು ಬಗ್ಗಡ. ಪೂರಾ ಆರಿದ ಮೇಲೆ ಇಟ್ಟರೆ ಅಂಚು ಕತ್ತರಿಸಿದಂತೆ ನಿಲ್ಲುತ್ತದೆ. ಅದು ‘ಜಿಮೊ’, ಪದರ ಮಸಿ, ಬೇರೆಯೇ ವಿಧಾನ.

‘ಸುಮೊ’ಗೆ ಕನ್ನಡದಲ್ಲಿ ಸಿದ್ಧ ಪದವೇ ಇದೆ: ತಂಗಳು ಮಸಿ. ‘ಸು’ ಎಂದರೆ ರಾತ್ರಿ ಕಳೆದದ್ದು. ಕಾಡಿಗೆಯ ಕಣಗಳನ್ನು ನೀರಿನಲ್ಲಿ ತೇಲಿಸಿ ಹಿಡಿದಿರುವುದು ಪ್ರಾಣಿಜನ್ಯ ಅಂಟು. ತೇಯ್ದ ಮಸಿಯನ್ನು ಹಾಗೇ ಇಟ್ಟರೆ ಅಂಟು ಕೊಳೆಯುತ್ತದೆ, ನಾರುತ್ತದೆ, ಕಣಗಳು ಗಂಟುಕಟ್ಟುತ್ತವೆ. ನಿಜವಾಗಿ ‘ಒಡೆದದ್ದು’ ಇದೇ. ಹಾಳೆಯಲ್ಲಿ ನೀರು ಮುಂದೆ ಓಡಿ ಕಣಗಳು ಹಿಂದುಳಿಯುವುದರಿಂದ ಕಪ್ಪು ಮಚ್ಚೆಯ ಸುತ್ತ ತೆಳು ಪ್ರಭೆಯೊಂದು ಗೆರೆ ಕೊರೆದಂತೆ ಕಾಣುತ್ತದೆ. ಹ್ವಾಂಗ್ ಬಿನ್‌ಹೋಂಗ್ (1865–1955) ಇದನ್ನು ಬೇಕೆಂದೇ ಬಳಸಿದವರು. ಅಪಾಯ ಆಮೇಲಿದೆ: ಚಿತ್ರದ ಬೆನ್ನಿಗೆ ಇನ್ನೊಂದು ಹಾಳೆ ಅಂಟಿಸಲು ಹಿಟ್ಟಿನ ಸರಿ ಬಳಿದಾಗ ಹಿಡಿತವಿಲ್ಲದ ಮಸಿ ಕರಗಿ ಹರಡುತ್ತದೆ. ಅದಕ್ಕೇ ಮೊದಲು ಪಟಿಕ ಮತ್ತು ಅಂಟಿನ ತೆಳುನೀರು ಸಿಂಪಡಿಸಿ ಕೂರಿಸುತ್ತಾರೆ.

‘ತ್ಸುನ್’ ಬರಿ ಗೆರೆಗಾರಿಕೆ ಅಲ್ಲ. ಚಳಿಗೆ ಚರ್ಮ ಬಿರಿಯುವುದಕ್ಕೆ ಇರುವ ಪದ ಅದು. ಬಂಡೆಯ ಮೈ ತೋರಿಸುವ ಕುಂಚದ ಹೊಡೆತಕ್ಕೂ ಅದೇ ಹೆಸರು. ‘ಬಿರುಕುಗೆರೆ’ ಒಗ್ಗುತ್ತದೆ. ಲ್ಯೂ ಗ್ವೊಸೋಂಗ್ (ಜನನ 1932) ವಿಷಯದಲ್ಲಿ ಈ ಅರ್ಥ ಕೈಬಿಡಲೇಬಾರದು. ಅವರು ಮೇಲ್ಮೈಯಲ್ಲಿ ಒರಟು ನಾರುಗಳಿರುವ ಕಾಗದವನ್ನೇ ಮಾಡಿಸಿಕೊಂಡವರು. ಮಸಿ ಹಚ್ಚಿ, ಆ ನಾರುಗಳನ್ನು ಕೀಳುತ್ತಾರೆ; ನಾರಿದ್ದಲ್ಲಿ ಬಿಳಿ ಗೆರೆ ಉಳಿಯುತ್ತದೆ. ಇದಕ್ಕೆ ಚೀನೀ ಹೆಸರು ‘ನರ ಎಳೆದು ಚರ್ಮ ಸುಲಿದ ತ್ಸುನ್’. ಹಾಗೇ ಅನುವಾದಿಸಿ, ನಯ ಮಾಡಬೇಡಿ.

ಶಾಯಿ ಪಾರಸಿಯ ‘ಕಪ್ಪು’, ಸೀಸೆಯಲ್ಲಿ ಬರುವಂಥದ್ದು. ಮಸಿಯಲ್ಲಿ ಕಾಡಿಗೆಯೇ ಇದೆ, ಚೀನೀ ‘ಮೊ’ದಲ್ಲೂ ಅದೇ. ಮಸಿಕಡ್ಡಿಯನ್ನು ‘ಉಜ್ಜಿದರು’ ಅನ್ನಬೇಡಿ. ಗಂಧದ ಹಾಗೆ ತೇಯುವುದು. ಒಂದು ಚಮಚ ನೀರು ಗಟ್ಟಿಯಾಗಲು 10–15 ನಿಮಿಷ ಬೇಕು.

*

‘ಮಸಿ’ಗೆ ನನ್ನದೊಂದು ತಕರಾರು: ತಲೆಬರಹದಲ್ಲಿ ಒಂಟಿಯಾಗಿ ನಿಂತರೆ ಮುಖಕ್ಕೆ ಮಸಿ ಬಳಿದ ಸುದ್ದಿಯಂತೆ ಕೇಳಿಸುತ್ತದೆ. ಈ ಕಲೆಯ ಹೆಸರೇ ‘ಶ್ವೆಮೊ’, ನೀರು ಮತ್ತು ಮಸಿ. ತಲೆಬರಹಕ್ಕೆ ‘ನೀರುಮಸಿ ಚಿತ್ರಗಳು’ ಎಂದಿಟ್ಟು, ಒಳಗೆ ಬರಿ ಮಸಿ ಬಳಸಬಹುದು. ಇನ್ನೊಂದು, ನಮ್ಮಲ್ಲಿ ‘ಚಿತ್ರ ಬರೆದರು’ ಅನ್ನುವುದು ರೂಢಿ. ಚೀನೀಯರ ‘ಶ್ಯೆಯಿ’, ಅಂದರೆ ಭಾವ ಬರೆಯುವುದು, ಅದಕ್ಕೆ ಚೆನ್ನಾಗಿ ಹೊಂದುತ್ತದೆ. ನಾರು ಕಿತ್ತ ಹಾಳೆಗಳ ಕೆಳಗಿನ ವಿವರದಲ್ಲಿ ಮಾತ್ರ ‘ಬರೆದದ್ದು’ ತೆಗೆದು ‘ಮಾಡಿದ್ದು’ ಎಂದು ತಿದ್ದಿ.