ಸಹಾಯ ಬೇಕು: ಹಳ್ಳಿಯಿಂದ ರಾಯಚೂರಿಗೆ ಓಡಾಡಿಕೊಂಡು ಬಿ.ಎಸ್‌ಸಿ. ಓದಲು ಆಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ವರ್ಷ ರಾಯಚೂರಿನಲ್ಲಿ ಬಿ.ಎಸ್‌ಸಿ. ಸೇರುತ್ತಿದ್ದಾಳೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ನಮ್ಮ ಮನೆಯಲ್ಲಿ ಪದವಿ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವವರಲ್ಲಿ ಅವಳೇ ಮೊದಲು. ಕೇಳೋಣವೆಂದರೆ ಹತ್ತಿರದಲ್ಲಿ ಯಾರೂ ಇಲ್ಲ.

ಪಿಯುಸಿಯಂತೆ ದಿನವೂ ಒಂದೇ ವೇಳೆ ಇರುವುದಿಲ್ಲ, ಒಂದು ದಿನ ಮಧ್ಯಾಹ್ನಕ್ಕೇ ಮುಗಿದರೆ ಇನ್ನೊಂದು ದಿನ ಲ್ಯಾಬ್ ಸಂಜೆಯವರೆಗೆ ನಡೆಯುತ್ತದೆ ಎಂದು ಕೇಳಿದ್ದೇನೆ. ನನ್ನ ಚಿಂತೆ ಅದೇ. ಶಕ್ತಿ ಯೋಜನೆ ಇರುವುದರಿಂದ ಬಸ್ಸಿನ ಖರ್ಚಿಲ್ಲ, ನಿಜ. ಆದರೆ ಮಾನ್ವಿಯವರೆಗೇ ಸುಮಾರು ಒಂದು ಗಂಟೆಯ ದಾರಿ, ಅಲ್ಲಿಂದ ನಮ್ಮ ಊರಿಗೆ ಸಂಜೆ ಒಂದೇ ಬಸ್ಸು. ಅದು ತಪ್ಪಿದರೆ ಅಪ್ಪ ನಾಟಿಯ ಕೆಲಸ ಅಲ್ಲಿಗೇ ಬಿಟ್ಟು ಬೈಕ್ ತರಬೇಕು. ಶೇ 75ರಷ್ಟು ಹಾಜರಾತಿ ಬೇಕಾದ್ದರಿಂದ ಕೊನೆಯ ತರಗತಿಗೆ ಪದೇ ಪದೇ ಚಕ್ಕರ್ ಹಾಕುವಂತಿಲ್ಲ. ಅವಳು ಹಾಗೆ ಓದುವುದು ನನಗೂ ಇಷ್ಟವಿಲ್ಲ.

ಓದಿದವರು ದಯವಿಟ್ಟು ತಿಳಿಸಿ. ವಾರದಲ್ಲಿ ಎಷ್ಟು ದಿನ ಲ್ಯಾಬ್ ಇರುತ್ತದೆ? ರೆಕಾರ್ಡ್ ಬರೆಯುವುದು ಕಾಲೇಜಿನ ಬಿಡುವಿನಲ್ಲೇ ಮುಗಿಯುತ್ತದೆಯೇ, ರಾತ್ರಿ ಕೂರಬೇಕೇ? ಆಂತರಿಕ ಪರೀಕ್ಷೆ, ಅಸೈನ್‌ಮೆಂಟ್ ಎಲ್ಲವೂ ಒಂದೇ ವಾರದಲ್ಲಿ ಮೈಮೇಲೆ ಬೀಳುತ್ತವೆಯೇ? ಹತ್ತನೆಯ ತರಗತಿಯವರೆಗೆ ಅವಳದು ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಇಂಗ್ಲಿಷ್ ಪಾಠವನ್ನು ಎರಡೆರಡು ಸಲ ಓದಿ, ಅಂಚಿನಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಂಡೇ ಪಾಸಾದವಳು. ಅವಳಿಗೆ ಓದಲು ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕು.

ವಿದ್ಯಾರ್ಥಿನಿಲಯಕ್ಕೆ ಈಗಲೇ ಅರ್ಜಿ ಹಾಕುವುದು ಒಳ್ಳೆಯದು ಎಂದು ನನಗೆ ಅನಿಸುತ್ತದೆ, ಅಮ್ಮ ಒಪ್ಪುತ್ತಿಲ್ಲ. ಹೆಣ್ಣುಮಕ್ಕಳನ್ನು ಅಲ್ಲಿ ಇರಿಸಿರುವ ತಾಯಂದಿರು ಯಾರಾದರೂ ಬರೆದರೆ ಅಮ್ಮನಿಗೆ ಓದಿ ಹೇಳುತ್ತೇನೆ. ಕಳೆದ ವರ್ಷದ ಮೊದಲ ಸೆಮಿಸ್ಟರ್ ವೇಳಾಪಟ್ಟಿಯ ಫೋಟೊ ಇದ್ದವರು ಅದನ್ನೂ ಹಾಕಿ.