ಬೆಳ್ಳಗಿರೋದೆಲ್ಲ ಹಾಲ್‌ಮಾರ್ಕಲ್ಲ

"ಕಿಟ್ಟೀ, ಲಂಡನ್ನಿಗೆ ಹೊರಟಿದ್ದೀಯ, ಸಂತೋಷ. ಹಳೇ ಬೆಳ್ಳಿ ತರ್ತೀನಿ ಅಂತೀಯಲ್ಲ, ಅದರ ಬೆನ್ನ ಮೇಲೆ ಬರೆದಿರೋದನ್ನ ಓದೋಕೆ ಬರುತ್ತೇನೋ?" ಅಂದರು ಶೆಟ್ಟರು. ಬೈಟು ಕಾಫಿಯಲ್ಲಿ ತಮ್ಮ ಪಾಲನ್ನು ಮುಕ್ಕಾಲು ಮಾಡಿಕೊಳ್ಳುತ್ತಲೇ ಕೇಳಿದ ಪ್ರಶ್ನೆ ಅದು.

"ಬೆಳ್ಳಗಿದ್ದರೆ ಆಯ್ತಲ್ಲ ಶೆಟ್ರೇ," ಅಂದ ಕಿಟ್ಟಿ.

ಮೇಷ್ಟ್ರು ಪೇಪರ್ ಮಡಿಸಿದರು. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಾದೆ ಇದೆ. ಬೆಳ್ಳಗಿರೋದರ ಮೇಲೆಲ್ಲ ಹಾಲ್‌ಮಾರ್ಕೂ ಇರಲ್ಲ. ಹಾಲ್ ಅಂದರೆ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್. 1478ರಿಂದ ಅಲ್ಲಿನ ಅಕ್ಕಸಾಲಿಗರು ಮಾಲನ್ನ ಆ ಹಾಲ್‌ಗೇ ಹೊತ್ತುಕೊಂಡು ಹೋಗಿ, ಪರೀಕ್ಷೆ ಮಾಡಿಸಿ, ಮುದ್ರೆ ಒತ್ತಿಸಿಕೊಂಡು ಬರಬೇಕಾಯ್ತು."

"ನಾನು ಹಾಲಿನಷ್ಟು ಶುದ್ಧ ಅಂತ ಅಂದ್ಕೊಂಡಿದ್ದೆ."

"ಶುದ್ಧ ಅಂದರೂ 1000ಕ್ಕೆ 925. ಮಿಕ್ಕ 75 ಸಾಮಾನ್ಯವಾಗಿ ತಾಮ್ರ. ಅದಕ್ಕೇ ಸ್ಟರ್ಲಿಂಗ್ ಅನ್ನೋದು."

"ತಾಮ್ರ ಬೆರೆಸದೇ ಹೋದರೆ ಚಮಚ ಬಾಗುತ್ತೆ," ಬೆಳ್ಳಿ ವ್ಯಾಪಾರದ ಶೆಟ್ಟರು ಸಮರ್ಥಿಸಿದರು, ವಂಶಪಾರಂಪರ್ಯವಾಗಿ.

"ಮುದ್ರೆಗಳನ್ನ ಕೋರ್ಟಿನ ಸಾಕ್ಷಿಗಳು ಅಂದ್ಕೋ," ಮೇಷ್ಟ್ರು ಮುಂದುವರಿಸಿದರು. "ನಡೆಯೋ ಸಿಂಹ ಇದ್ದರೆ ಸ್ಟರ್ಲಿಂಗ್. ಅದು 1544ರಿಂದ ಇದೆ. ಚಿರತೆ ತಲೆ ಲಂಡನ್ನಿನ ಗುರುತು. ಒಂದು ಅಕ್ಷರ ವರ್ಷ ಹೇಳುತ್ತೆ. ಮಾಡಿದವನ ಇನಿಷಿಯಲ್ ಇರುತ್ತೆ. 1784ರಿಂದ 1890ರವರೆಗೆ ಜೊತೆಗೆ ರಾಜನದೋ ರಾಣಿದೋ ತಲೆ. ಸರ್ಕಾರಕ್ಕೆ ತೆರಿಗೆ ಕಟ್ಟಾಗಿದೆ ಅಂತ ರಸೀದಿ ಅದು."

"ಚಿರತೆ ಚಿತ್ರ ನೋಡಿದೀನಿ. ಹುಲಿವೇಷ ಹಾಕಿದ ಬೆಕ್ಕಿನ ಥರ ಇದೆ."

"ಬೆಕ್ಕೇ ಅಂದ್ಕೋ, ಆದರೆ ಅದಕ್ಕೆ ಕಿರೀಟ ಇದೆಯಾ ಇಲ್ವಾ ನೋಡು. 1821ರಲ್ಲಿ ಕಿರೀಟ ತೆಗೆದುಬಿಟ್ಟರು. ಅಲ್ಲೇ ಇರೋದು ಮಜ. ಲಂಡನ್ನಿನವರು ವರ್ಷಕ್ಕೊಂದರಂತೆ 20 ಅಕ್ಷರ ಮುಗಿಸಿ ಮತ್ತೆ ‘ಎ’ಯಿಂದ ಶುರು ಮಾಡ್ತಿದ್ದರು. ಹಾಗಾಗಿ ಚಿಕ್ಕ ‘ಎ’ 1776ರಲ್ಲೂ ಇದೆ, 1816ರಲ್ಲೂ ಇದೆ, 1896ರಲ್ಲೂ ಇದೆ. ನಿನ್ನ ಕೈಗೆ ‘ಎ’ ಚಮಚ ಸಿಕ್ಕಿತು. ರಾಜನ ತಲೆ ಇಲ್ಲ, ಬೆಕ್ಕಿಗೆ ಕಿರೀಟ ಇದೆ. ಯಾವುದು?"

ಕಿಟ್ಟಿ ಬೆರಳು ಮಡಿಸಿದ. "ತಲೆ ಇಲ್ಲ ಅಂದ್ರೆ 1784ಕ್ಕೆ ಮುಂಚೆ, ಇಲ್ಲಾ 1890 ಆದಮೇಲೆ. ಕಿರೀಟ ಇದೆ ಅಂದ್ರೆ 1821ಕ್ಕೆ ಮುಂಚೆ. ಹಾಗಾದ್ರೆ 1776!"

"ತಲೆಯೂ ಇದೆ, ಕಿರೀಟವೂ ಇದೆ?"

"1816. ಎರಡೂ ಇಲ್ಲದಿದ್ರೆ 1896. ಅಯ್ಯೋ, ಇಷ್ಟೇನಾ! ಪುಸ್ತಕ ಯಾಕೆ ಬೇಕು?"

"1736ರಲ್ಲೂ ಚಿಕ್ಕ ‘ಎ’ ಇದೆ," ಅಂದರು ಅಷ್ಟು ಹೊತ್ತು ಸುಮ್ಮನಿದ್ದ ಸುಮಕ್ಕ. "ಅದಕ್ಕೂ ತಲೆ ಇಲ್ಲ, ಕಿರೀಟ ಇದೆ. ಈಗ ಹೇಳು."

ಕಿಟ್ಟಿಯ ಮಡಿಸಿದ ಬೆರಳು ಮಡಿಸಿದಂತೆಯೇ ಉಳಿಯಿತು.

"ಅಕ್ಷರದ ಸುತ್ತ ಒಂದು ಚೌಕಟ್ಟು ಇರುತ್ತೆ, ಗುರಾಣಿ ಥರ," ಸುಮಕ್ಕನೇ ಮುಂದುವರಿಸಿದರು. " ಅದರ ಮೂಲೆ ಹೇಗೆ ಕತ್ತರಿಸಿದೆ, ತಳ ಚೂಪೋ ದುಂಡೋ ಅನ್ನೋದನ್ನ ಪುಸ್ತಕದ ಚಿತ್ರದ ಪಕ್ಕ ಇಟ್ಟು ನೋಡಬೇಕು. ಅದಕ್ಕೇ ಬೆಳ್ಳಿಗಿಂತ ಮೊದಲು ಪುಸ್ತಕ ತಗೋ. ಜೇಬಿಗೆ ಬ್ರ್ಯಾಡ್‌ಬರಿಯ ಹಾಲ್‌ಮಾರ್ಕ್ ಕೈಪಿಡಿ ಸಾಕು, ಪಂಚಾಂಗಕ್ಕಿಂತ ತೆಳ್ಳಗಿದೆ. ಮನೆಗೆ ಜಾಕ್ಸನ್. ಜಾಕ್ಸನ್‌ನಲ್ಲಿ ಮೋಸ ಹೋಗ್ಬೇಡ. 1905ರಲ್ಲಿ ಮೊದಲು ಬಂತು, 1921ರಲ್ಲಿ ತಿದ್ದಿದ್ದು ಬಂತು, ಅದನ್ನೇ ಆಮೇಲೆ ಮರುಮುದ್ರಣ ಮಾಡಿದರು. ನಿನಗೆ ಬೇಕಾಗಿರೋದು 1989ರಲ್ಲಿ ಇಯಾನ್ ಪಿಕ್‌ಫರ್ಡ್ ಪರಿಷ್ಕರಿಸಿದ್ದು. ಹಳೇದಕ್ಕೆ ಚರ್ಮದ ಬೈಂಡು, ಚಿನ್ನದ ಅಂಚು, ಮರ್ಯಾದೆ ಎಲ್ಲಾ ಇದೆ. ತಪ್ಪುಗಳೂ ಹಾಗೇ ಇವೆ."

"ಮಾಡಿದವನು ಯಾರು ಅಂತ ತಿಳಿಯೋಕೆ?"

"1697ರಿಂದ 1837ರವರೆಗೆ ಲಂಡನ್ನಿನವರಾದರೆ ಗ್ರಿಮ್‌ವೇಡ್. 1838ರಿಂದ 1914ರವರೆಗೆ ಕಲ್ಮ್. ಒಬ್ಬರು ನಿಲ್ಲಿಸಿದ ಕಡೆ ಇನ್ನೊಬ್ಬರು ಶುರು ಮಾಡಿದಾರೆ, ಸಂಬಂಧಿಕರ ಥರ ಜಗಳ ಇಲ್ಲ. ಕಲ್ಮ್ ಎರಡು ಸಂಪುಟ. ಒಂದರಲ್ಲಿ ಜನರ ಚರಿತ್ರೆ, ಇನ್ನೊಂದರಲ್ಲಿ ಮುದ್ರೆಗಳು. ಒಂದೇ ಸಂಪುಟ ಸೋವಿಗೆ ಸಿಕ್ಕಿತು ಅಂತ ಹೊತ್ಕೊಂಡು ಬಂದರೆ ಒಂಟಿ ಚಪ್ಪಲಿ ತಂದ ಹಾಗೆ."

"ಲೈಬ್ರರಿ ಸೀಲ್ ಇರೋದು ತಗೋಬಹುದಾ?"

"ಖಂಡಿತ ತಗೋ. ರದ್ದು ಮಾಡಿದ ಸೀಲ್ ಇರಬೇಕು ಅಷ್ಟೆ, ಇಲ್ಲದಿದ್ದರೆ ಅದು ಕಳ್ಳಮಾಲು. ಸೀಲ್ ಇದ್ದಿದ್ದಕ್ಕೆ ಬೆಲೆ ಇಳಿಯುತ್ತೆ, ವಿಷಯ ಇಳಿಯಲ್ಲ. ಹಿಂದೆ ಯಾರೋ ಪೆನ್ಸಿಲ್‌ನಲ್ಲಿ ಅಂಚಿನಲ್ಲಿ ತಿದ್ದಿದ್ದರೆ ಇನ್ನೂ ಒಳ್ಳೇದು, ಅದು ಪುಕ್ಕಟೆ ಪರಿಷ್ಕರಣೆ. ಆದರೆ ಚಿತ್ರದ ಹಾಳೆಗಳನ್ನ ಎಣಿಸು. ಕಿತ್ತು ಫ್ರೇಮ್ ಹಾಕಿಸಿರೋರು ಇರ್ತಾರೆ. ಬೂಷ್ಟು ವಾಸನೆ ಬಂದರೆ ಅಲ್ಲೇ ಬಿಡು, ಮನೆಯ ಬೇರೆ ಪುಸ್ತಕಕ್ಕೂ ಅಂಟುತ್ತೆ. ಲಂಡನ್ನಿನಲ್ಲಿ ಚೇರಿಂಗ್ ಕ್ರಾಸ್ ರಸ್ತೆ, ಅದರ ಪಕ್ಕದ ಸೆಸಿಲ್ ಕೋರ್ಟ್ ನೋಡು. ಹುಚ್ಚು ಜಾಸ್ತಿ ಇದ್ದರೆ ವೇಲ್ಸ್ ಗಡಿಯ ಹೇ-ಆನ್-ವೈ. ರೈಲು ಹೆರೆಫರ್ಡ್‌ವರೆಗೆ, ಆಮೇಲೆ ಬಸ್ಸು. ಊರು ತುಂಬ ಹಳೇ ಪುಸ್ತಕದ ಅಂಗಡಿ. 1977ರ ಏಪ್ರಿಲ್ 1ಕ್ಕೆ ರಿಚರ್ಡ್ ಬೂತ್ ಅನ್ನೋ ಪುಸ್ತಕ ವ್ಯಾಪಾರಿ ತಾನೇ ಆ ಊರಿನ ರಾಜ ಅಂತ ಘೋಷಿಸಿಕೊಂಡುಬಿಟ್ಟ."

"ನಮ್ಮ ಅವೆನ್ಯೂ ರೋಡಲ್ಲೂ ಹಳೇ ಪುಸ್ತಕ ಇದೆ, ಪಕ್ಕದಲ್ಲೇ ಬೆಳ್ಳಿ ಅಂಗಡಿ ಇದೆ. ರಾಜ ಮಾತ್ರ ಯಾರೂ ಆಗಿಲ್ಲ," ಶೆಟ್ಟರಿಗೆ ಸ್ವಲ್ಪ ಬೇಜಾರಾಯಿತು.

"ಶೆಟ್ರೇ, ನಕಲಿ ಹಿಡಿಯೋದು ಹೇಳಿ," ಕಿಟ್ಟಿ ಕುರ್ಚಿ ಎಳೆದುಕೊಂಡ.

"ಮೊದಲು ಇ-ಪಿ-ಎನ್-ಎಸ್. ಗೋಥಿಕ್ ಅಕ್ಷರದಲ್ಲಿ, ಒಂದೊಂದಕ್ಕೂ ಒಂದೊಂದು ಗುರಾಣಿ ಕೊಟ್ಟು, ದೂರದಿಂದ ಹಾಲ್‌ಮಾರ್ಕ್ ಥರಾನೇ ಒತ್ತಿರ್ತಾರೆ. ಅದು ನಮ್ಮ ಜರ್ಮನ್ ಸಿಲ್ವರ್ರು, ಮೇಲೆ ವಿದ್ಯುತ್ತಿನಲ್ಲಿ ಬೆಳ್ಳಿ ಲೇಪ. 1840ರಲ್ಲಿ ಎಲ್ಕಿಂಗ್ಟನ್ ಅವರು ಪೇಟೆಂಟ್ ಮಾಡಿಸಿದ ವಿದ್ಯೆ. ಸಿಂಹ ಇಲ್ಲ ಅಂದರೆ ಕೈ ಮುಗಿದು ಮುಂದೆ ಹೋಗು."

"ಆಯಸ್ಕಾಂತ ಇಟ್ಟುಕೊಂಡು ಹೋಗಲಾ?"

"ಹೋಗು, ಫ್ರಿಜ್‌ಗೆ ಅಂಟಿಸೋಕೆ ಆಗುತ್ತೆ. ಬೆಳ್ಳಿಗೂ ಅಂಟಲ್ಲ, ತಾಮ್ರಕ್ಕೂ ಅಂಟಲ್ಲ, ಜರ್ಮನ್ ಸಿಲ್ವರ್ರಿಗೂ ಅಂಟಲ್ಲ. ಕಬ್ಬಿಣ ಮಾತ್ರ ಸಿಕ್ಕಿಬೀಳುತ್ತೆ. ನೀರಿನ ಪರೀಕ್ಷೆ ಮಾಡು. 0.1 ಗ್ರಾಂ ತೋರಿಸೋ ತಕ್ಕಡಿ ಮೇಲೆ ಲೋಟ ನೀರಿಟ್ಟು ಸೊನ್ನೆ ಮಾಡು. ಚಮಚವನ್ನ ದಾರದಲ್ಲಿ ಇಳಿಬಿಡು, ಪೂರ್ತಿ ಮುಳುಗಬೇಕು, ತಳಕ್ಕೆ ತಾಗಬಾರದು. ಚಮಚ 62 ಗ್ರಾಂ ಇದ್ದು ತಕ್ಕಡಿ 6 ತೋರಿಸಿದರೆ, ಭಾಗಿಸು, 10.3 ಬಂತು. ಸ್ಟರ್ಲಿಂಗ್. 7.1 ತೋರಿಸಿದರೆ 8.7 ಆಯ್ತು. ಜರ್ಮನ್ ಸಿಲ್ವರ್ರು."

"ಅಂಗಡಿಯಲ್ಲಿ ಲೋಟ ನೀರು ಕೇಳಿ ಅವರ ಚಮಚ ಮುಳುಗಿಸಲಾ?"

"ಕೇಳಿ ಮಾಡು. ಬೇಡ ಅಂದರೆ ಉಸಿರು ಬಿಡು. ನಿಟ್ಟುಸಿರಲ್ಲ, ಮುದ್ರೆ ಇರೋ ಜಾಗದ ಮೇಲೆ ಬಾಯಿ ತೆರೆದು ಹಾ ಅಂತ. ಮಂಜು ಕವಿದಾಗ ಬೆಸುಗೆ ಗೆರೆ ಎದ್ದು ಕಾಣುತ್ತೆ. ಹಳೇ ಚಮಚದಿಂದ ಮುದ್ರೆಯ ತುಂಡು ಕತ್ತರಿಸಿ ಹೊಸ ಟೀ ಪಾಟಿನ ತಳಕ್ಕೆ ಕೂರಿಸಿರ್ತಾರೆ ಕಳ್ಳರು. ತೆರಿಗೆ ತಪ್ಪಿಸೋಕೆ ಆಗಿನ ಕಾಲದಲ್ಲೂ ಮಾಡ್ತಿದ್ದರು. ಟೀ ಪಾಟ್ ಆದರೆ ಮುಚ್ಚಳದಲ್ಲೂ ಮುದ್ರೆ ಇರಬೇಕು, ತಳದ್ದಕ್ಕೂ ಅದಕ್ಕೂ ತಾಳೆ ಆಗಬೇಕು. ಗಂಡ ಹೆಂಡತಿ ಬೇರೆ ಬೇರೆ ಕಥೆ ಹೇಳಿದರೆ ಅನುಮಾನ ಪಡು."

ಮೇಷ್ಟ್ರು ನಡುವೆ ಬಾಯಿ ಹಾಕಿದರು. "ಹೆಸರು ಕೆತ್ತಿದ್ದನ್ನ ಉಜ್ಜಿ ತೆಗೆದಿದ್ದರೆ?"

"ಅಲ್ಲಿ ತಗಡು ತೆಳುವಾಗಿರುತ್ತೆ. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಎಣ್ಣೆ ಡಬ್ಬಿ ಥರ ಟಿಕ್ ಅನ್ನುತ್ತೆ. ಹಳೇ ಪಾತ್ರೆ ತಳದಲ್ಲಿ ತೂಕ ಗೀಚಿರೋದೂ ಉಂಟು, ಔನ್ಸು ಮತ್ತು ಪೆನ್ನಿವೇಟ್‌ನಲ್ಲಿ, 20 ಪೆನ್ನಿವೇಟ್‌ಗೆ ಒಂದು ಔನ್ಸು. ಈಗಿನ ತೂಕ ಸ್ವಲ್ಪ ಕಡಿಮೆ ಬಂದರೆ ಉಜ್ಜಿ ಉಜ್ಜಿ ಸವೆದಿದೆ, ಸರಿ. ಜಾಸ್ತಿ ಬಂದರೆ ಯಾರೋ ಏನೋ ಸೇರಿಸಿದಾರೆ. ಬೆಳ್ಳಿ ವಯಸ್ಸಾಗ್ತಾ ದಪ್ಪ ಆಗಲ್ಲ ಕಿಟ್ಟಿ, ಅದು ನಮಗೆ ಮಾತ್ರ."

"ಔನ್ಸು ಅಂದರೆ 28 ಗ್ರಾಂ ತಾನೆ?"

"ಅದು ಕೇಕ್ ಮಾಡೋರ ಔನ್ಸು, 28.35. ಬೆಳ್ಳಿಯದು ಟ್ರಾಯ್ ಔನ್ಸು, 31.1 ಗ್ರಾಂ, ನಮ್ಮ 11.66ರ ತೊಲದಲ್ಲಿ ಎರಡೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಅಡಿಗೆಮನೆ ತಕ್ಕಡಿಯಲ್ಲಿ ತೂಗಿ ಬೆಳ್ಳಿ ರೇಟು ಹಾಕಿದರೆ ನಿನಗೆ ನೂರಕ್ಕೆ ಒಂಬತ್ತರಷ್ಟು ಟೋಪಿ. ಇನ್ನು ಮೇಣದ ಕಂಬ, ಚಾಕು ಹಿಡಿ, ಇವನ್ನ ತೂಕಕ್ಕೆ ತಗೋಬೇಡ. ಒಳಗೆ ರಾಳ ತುಂಬಿರ್ತಾರೆ, ನಾವು ಟೊಳ್ಳು ಗುಂಡಿಗೆ ಅರಗು ತುಂಬೋ ಹಾಗೆ. ಅದು ಮೋಸ ಅಲ್ಲ, ಕಂಬ ಉರುಳದೆ ಇರಲಿ ಅಂತ. ನೀನು ಅರಗಿಗೆ ಬೆಳ್ಳಿ ದುಡ್ಡು ಕೊಟ್ಟರೆ ಮಾತ್ರ ಮೋಸ."

ಹುಡುಕುವ ಜಾಗದ ಮಾತು ಬಂತು. ಚಾನ್ಸರಿ ಲೇನ್‌ನ ನೆಲಮಾಳಿಗೆಯಲ್ಲಿ ಸಿಲ್ವರ್ ವಾಲ್ಟ್ಸ್ ಇದೆ, 1876ರಲ್ಲಿ ಶ್ರೀಮಂತರ ತಿಜೋರಿಯಾಗಿ ಶುರುವಾದದ್ದು, ಭಾನುವಾರ ಬಾಗಿಲು ಹಾಕಿರುತ್ತದೆ. ಕೊಳ್ಳದಿದ್ದರೂ ಮೊದಲು ಅಲ್ಲಿಗೇ ಹೋಗಿ ಒಳ್ಳೆಯ ಮಾಲನ್ನು ಕೈಯಲ್ಲಿ ಹಿಡಿದು ಬರಬೇಕು ಅನ್ನುವುದು ಶೆಟ್ಟರ ತೀರ್ಪು. ಆಮೇಲೆ ಶನಿವಾರ ಪೋರ್ಟೊಬೆಲ್ಲೊ, ಶುಕ್ರವಾರ ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಬರ್ಮಂಡ್ಸಿ.

"ಬರ್ಮಂಡ್ಸಿಯಲ್ಲಿ ಒಂದು ಕಾನೂನಿತ್ತು," ಮೇಷ್ಟ್ರಿಗೆ ಹುರುಪು ಬಂತು. "ಸೂರ್ಯ ಹುಟ್ಟಿ ಮುಳುಗೋದರೊಳಗೆ ಅಂಥ ಬಹಿರಂಗ ಸಂತೆಯಲ್ಲಿ ನೀನು ನಂಬಿ ಕೊಂಡ ಮಾಲು, ಕದ್ದದ್ದೇ ಆಗಿದ್ದರೂ ನಿನ್ನದೇ!"

"ಎಂಥ ಧರ್ಮರಾಜ್ಯ!"

"1995ರಲ್ಲಿ ರದ್ದಾಯ್ತು. ಈಗ ರಸೀದಿ ಕೇಳು."

"ಟೀ ಪಾಟ್ ಹಿಡಿಯ ಸಂದಿಯಲ್ಲಿ ಬಿಳಿ ಬಳೆ ಥರ ಇದೆಯಾ ನೋಡು," ಅಂದರು ಸುಮಕ್ಕ. "ಕೈ ಸುಡದಿರಲಿ ಅಂತ ಆನೆದಂತ ಕೂರಿಸಿರ್ತಾರೆ. 2022ರ ಜೂನ್‌ನಿಂದ ಬ್ರಿಟನ್ನಿನಲ್ಲಿ ದಂತದ ವ್ಯಾಪಾರಕ್ಕೆ ನಿಷೇಧ ಇದೆ. 1947ಕ್ಕೆ ಮುಂಚಿನದಾಗಿದ್ದು ದಂತ ನೂರಕ್ಕೆ ಹತ್ತಕ್ಕಿಂತ ಕಡಿಮೆ ಇದ್ದರೆ ವಿನಾಯಿತಿ ಉಂಟು, ಆದರೆ ನೋಂದಣಿ ಆಗಿರಬೇಕು. ದೇಶ ದಾಟಿಸೋದು ಬೇರೆಯೇ ತಲೆನೋವು. ಆನೆ ಇದ್ದದ್ದು ಆನೆಗೇ ಇರಲಿ, ನೀನು ಚಮಚ ತಗೋ."

"ಕಸ್ಟಮ್ಸ್?"

"ಆಭರಣ ಅಲ್ಲದ ಬೆಳ್ಳಿ ಪ್ರಯಾಣಿಕರ ಸುಂಕವಿಲ್ಲದ ಮಿತಿಗೆ ಸೇರಲ್ಲ. ರಸೀದಿ ಕೈಯಲ್ಲಿ ಹಿಡ್ಕೊಂಡು ಕೆಂಪು ದಾರೀಲಿ ಬಾ. ಪ್ರವಾಸಿಗೆ ವ್ಯಾಟ್ ವಾಪಸ್ ಕೊಡೋದನ್ನ ಲಂಡನ್ನಿನಲ್ಲಿ 2021ರಿಂದ ನಿಲ್ಲಿಸಿದಾರೆ, ಏರ್‌ಪೋರ್ಟ್‌ನಲ್ಲಿ ಕೌಂಟರ್ ಹುಡುಕ್ತಾ ಓಡಬೇಡ. ಪುಸ್ತಕಕ್ಕೆ ಅಲ್ಲಿ ವ್ಯಾಟೇ ಇಲ್ಲ. ನೋಡು, ಪುಣ್ಯ ಎಲ್ಲಿದೆ ಅಂತ."

"ಬ್ರಿಟಿಷ್ ಮುದ್ರೆ ಇಲ್ಲದೆ ದೇವರ ಉಬ್ಬುಚಿತ್ರ ಇರೋ ಟೀ ಸೆಟ್ ಕಂಡರೆ ಓಡಬೇಡ," ಅಂದರು ಮೇಷ್ಟ್ರು. "ಅದು ಮದ್ರಾಸಿನ ಸ್ವಾಮಿ ಬೆಳ್ಳಿ ಇರಬಹುದು, ಪಿ. ಓರ್ ಅಂಡ್ ಸನ್ಸ್ ಥರದವರು ಮಾಡ್ತಿದ್ದದ್ದು. ಅದರ ಮುದ್ರೆಗೆ ವಿಲ್ಕಿನ್ಸನ್ ಬರೆದ ಭಾರತೀಯ ಬೆಳ್ಳಿಯ ಪುಸ್ತಕ ನೋಡಬೇಕು. ಹಾಗೇ ಕಪ್ಪು ಹೂಜಿ ಮೇಲೆ ಬೆಳ್ಳಿ ಹೂವು ಕಂಡರೆ, ಅದು ನಮ್ಮ ಬೀದರಿನ ಬಿದ್ರಿ. ಬೆಳ್ಳಿ ಪಾಲಿಶ್ ಹಾಕಿ ತಿಕ್ಕಬೇಡ, ಕಪ್ಪೇ ಹೋಗಿಬಿಡುತ್ತೆ. ಒಳಗಿರೋದು ಸತು."

"ಹಾಗಾದರೆ ನಾನು ತರೋದು ಒಂದು ಚಮಚ, ನಾಲ್ಕು ಪುಸ್ತಕ," ಕಿಟ್ಟಿ ಲೆಕ್ಕ ಹಾಕಿದ. "ಚಮಚ 60 ಗ್ರಾಂ, ಪುಸ್ತಕಕ್ಕೇ ಬೇರೆ ಸೂಟ್‌ಕೇಸು. ಆ ಚಮಚದಲ್ಲಿ ಊಟನಾದ್ರೂ ಮಾಡಬಹುದಾ?"

"ಮೊಟ್ಟೆಗೆ ಹಾಕಬೇಡ. ಗಂಧಕ ಇದೆ, ಕಪ್ಪಾಗುತ್ತೆ."

"ಮೊಟ್ಟೆ ನಮ್ಮನೇಲಿ ಇಲ್ಲ. ಈರುಳ್ಳಿ ಹುಳಿ?"

"ಈರುಳ್ಳಿಯಲ್ಲೂ ಗಂಧಕ."

"ಉಪ್ಪಿಟ್ಟು?"

"ಉಪ್ಪು ತಿಂದ ಚಮಚ ತೊಳೆಯದೆ ಬಿಟ್ಟರೆ ಗುಳಿ ಬೀಳುತ್ತೆ. ಅದಕ್ಕೇ ಇಂಗ್ಲಿಷಿನವರು ಉಪ್ಪಿನ ಬಟ್ಟಲಿನ ಒಳಗೆ ಚಿನ್ನದ ನೀರು ಹೊಡೆಸ್ತಿದ್ದರು."

ಶೆಟ್ಟರು ಲೋಟ ಕೆಳಗಿಟ್ಟರು. "ಮೊಟ್ಟೆ ಇಲ್ಲ, ಈರುಳ್ಳಿ ಇಲ್ಲ, ಉಪ್ಪಿಲ್ಲ. ಕಿಟ್ಟಿ, ನೀನು ಸಮುದ್ರ ದಾಟಿ ತರ್ತಿರೋದು ಏಕಾದಶಿ ಚಮಚ ಕಣೋ."