ಹಾವು, ಓತಿ ನೋಡಲು ಎಲ್ಲಿ ಹೋಗಬೇಕು, ಹಿಡಿದು ತರಬಹುದಾ?

ಕೇಳಿದ್ದು: ನಾನು ಬಿಎಸ್ಸಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿ, ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿದ್ದೇನೆ. ಹಾವು, ಹಲ್ಲಿ, ಓತಿಗಳನ್ನು ಅವು ಇರುವಲ್ಲೇ ನೋಡಿ ಕಲಿಯುವ ಆಸೆ. ಎಲ್ಲಿ, ಯಾವಾಗ ಹೋಗಬೇಕು? ಕಾಲೇಜಿನ ಲ್ಯಾಬ್‌ಗೆ ಒಂದೆರಡು ಹಿಡಿದು ತಂದರೆ ತಪ್ಪಾ? ಅನುಭವ ಇರುವವರು ದಯವಿಟ್ಟು ಹೇಳಿ.

ಕನಕಪುರ ರಸ್ತೆಯಿಂದ ಒಬ್ಬರು:
ಹಾವಿನಿಂದ ಶುರು ಮಾಡಬೇಡಿ, ಬಂಡೆ ಮೇಲಿನ ಓತಿಯಿಂದ ಶುರು ಮಾಡಿ. ತುರಹಳ್ಳಿ ಕಾಡು ನಿಮಗೆ ಹತ್ತಿರ, ಅಲ್ವಾ? ಬೆಳಗ್ಗೆ ಆರಕ್ಕೇ ಹೋಗಿ ಏನೂ ಕಾಣಲಿಲ್ಲ ಅಂತ ವಾಪಸ್ ಬರುವವರೇ ಜಾಸ್ತಿ. ಬಂಡೆ ಬಿಸಿಯಾಗುವ ತನಕ ಓತಿಗಳು ಬಿರುಕಿನಿಂದ ಹೊರಗೇ ಬರುವುದಿಲ್ಲ, ಹಾಗಾಗಿ ಬಿಸಿಲು ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಹೋಗಿ, ಒಂದು ಕಡೆ ಸುಮ್ನೆ ಕೂತು, ಎತ್ತರದ ಬಂಡೆಗಳ ತುದಿ ನೋಡುತ್ತಿರಿ. ಬೇಸಿಗೆ ಕೊನೆಯಿಂದ ಮಳೆಗಾಲದವರೆಗೆ ಗಂಡು ಕೆಂಪು-ಕಪ್ಪಾಗಿ ಅಲ್ಲಿ ತಲೆ ಆಡಿಸುತ್ತಿರುತ್ತದೆ. ಹೆಣ್ಣಿಗೆ ಬಂಡೆಯದೇ ಬಣ್ಣ, ಅಲ್ಲಾಡಿದರೆ ಮಾತ್ರ ಗೊತ್ತಾಗುತ್ತದೆ. ಇನ್ನೊಂದು ಗಂಡು ಎದುರಾದರೆ ನಿಮ್ಮ ಕಣ್ಣೆದುರೇ ಬಣ್ಣ ಬದಲಾಗುತ್ತದೆ! ಐಐಎಸ್‌ಸಿ ಸಂಶೋಧಕರು ಇವನ್ನು ಅಧ್ಯಯನ ಮಾಡಿ, ನಗರದೊಳಗಿನ ಓತಿಗಳ ಬಣ್ಣ ಹಳ್ಳಿ ಕಡೆಯವುಗಳಷ್ಟು ಗಾಢವಾಗುವುದಿಲ್ಲ ಅಂತ ಕಂಡುಕೊಂಡಿದ್ದಾರೆ. ಡಬ್ಬಿಗೆ ಹಾಕಿ ತಂದ ಓತಿಯಲ್ಲಿ ಇದೆಲ್ಲ ಎಲ್ಲಿ ನೋಡುತ್ತೀರಿ?

ಹೆಸರಘಟ್ಟದ ಹುಲ್ಲುಗಾವಲಿಗೂ ಬೇಸಿಗೆಯಲ್ಲಿ ಹೋಗಿ. ಅಲ್ಲಿ ಸಿಟಾನಾ ಅನ್ನುವ ಪುಟ್ಟ ಓತಿಯ ಗಂಡು ಗಂಟಲ ಚರ್ಮವನ್ನು ಬೀಸಣಿಗೆ ಹಾಗೆ ಬಿಡಿಸುತ್ತದೆ.

ಕಲ್ಲು ಎತ್ತಬೇಕು ಅನಿಸಿದರೆ ಬರಿಗೈ ಬೇಡ. ಆಚೆ ಅಂಚನ್ನು ಕೋಲಿನ ಕೊಕ್ಕೆಯಿಂದ ನಿಮ್ಮ ಕಡೆಗೆ ಎತ್ತಿ, ಆಗ ಒಳಗಿರುವುದಕ್ಕೂ ನಿಮ್ಮ ಕಾಲಿಗೂ ನಡುವೆ ಕಲ್ಲೇ ಅಡ್ಡ ಇರುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ. ಅಡಿಯ ತೇವ ಆರಿಹೋದರೆ ಅಲ್ಲಿದ್ದ ಮೊಟ್ಟೆ, ಚೇಳು, ಹಲ್ಲಿ ಯಾವುದಕ್ಕೂ ಆ ಜಾಗ ಉಪಯೋಗವಿಲ್ಲ. ಬೂಟು ಹಾಕಿಕೊಳ್ಳಿ, ಒಬ್ಬರೇ ಹೋಗಬೇಡಿ, ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಏನೂ ಬೇಡ, 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಹೋಗಿ.

ಮಲ್ಲೇಶ್ವರಂನಿಂದ ಇನ್ನೊಬ್ಬರು:
ಹಿಡಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ, ಸರೀಸೃಪಗಳ ಮೊಟ್ಟೆ ಕೆದಕುವುದೂ ಬೇಟೆಯೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ನಾಗರಹಾವು, ಕೊಳಕುಮಂಡಲ, ಊರ ಗದ್ದೆಯಲ್ಲೆಲ್ಲ ಕಾಣುವ ಕೇರೆ ಕೂಡ ಮೊದಲ ಷೆಡ್ಯೂಲ್‌ನಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿವೆ. ಆ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಲ್ಯಾಬ್‌ಗೆ ಅಂತ ಮೇಷ್ಟ್ರು ಬರೆದುಕೊಟ್ಟ ಚೀಟಿ ಸಾಲುವುದಿಲ್ಲ. ಶಿಕ್ಷಣಕ್ಕೋ ಸಂಶೋಧನೆಗೋ ಬೇಕಿದ್ದರೆ ಸೆಕ್ಷನ್ 12ರಡಿ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಬೇಕು, ಅವರ ಕಚೇರಿ ನಮ್ಮ ಮಲ್ಲೇಶ್ವರಂನ ಅರಣ್ಯ ಭವನದಲ್ಲಿದೆ. ಮೊದಲ ಷೆಡ್ಯೂಲ್ ಪ್ರಾಣಿಗೆ ಕೇಂದ್ರ ಸರ್ಕಾರದ ಒಪ್ಪಿಗೆಯೂ ಸೇರಬೇಕು.

ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಹಾವನ್ನು ಬಾಟಲಿಗೆ ಹಾಕಿದರೆ ಯಾರಿಗೇನು ತೊಂದರೆ ಅಂತ ಹುಡುಗರು ಕೇಳುತ್ತಾರೆ. ಸತ್ತು ಸಿಕ್ಕ ವನ್ಯಪ್ರಾಣಿ ಸೆಕ್ಷನ್ 39ರ ಪ್ರಕಾರ ಸರ್ಕಾರದ ಆಸ್ತಿ, ಅದನ್ನೂ ಮುಟ್ಟಬೇಡಿ, ಫೋಟೊ ತೆಗೆಯಿರಿ ಸಾಕು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಕಾಡಿನೊಳಕ್ಕಂತೂ ಅನುಮತಿ ಇಲ್ಲದೆ ಕಾಲೇ ಇಡಬಾರದು.

ಯಲಹಂಕದಿಂದ:
ಮೇಲಿನವರು ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ನಕ್ಷತ್ರ ಆಮೆ ಅಥವಾ ಮಣ್ಣುಮುಕ್ಕ ಹಾವು (ಜನ ಎರಡು ತಲೆ ಹಾವು ಅನ್ನುವುದು) ಕಂಡರೆ ಜಾಗದ ಹೆಸರನ್ನು ಯಾವ ವಾಟ್ಸಾಪ್ ಗುಂಪಿನಲ್ಲೂ ಹಾಕಬೇಡಿ. ಆಮೆ ಸಾಕಲು, ಎರಡು ತಲೆ ಹಾವು ಅದೃಷ್ಟ ತರುತ್ತದೆ ಅಂತ ನಂಬಿಸಿ ಮಾರಲು ಹಿಡಿಯುವವರು ಇದನ್ನೇ ಕಾಯುತ್ತಿರುತ್ತಾರೆ. ಕಂಡ ಜೀವಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವುದಾದರೆ ಜಾಗ ಮಸುಕು ಮಾಡುವ ಆಯ್ಕೆ ಇದೆ, ಅದನ್ನು ಒತ್ತಿ. ಗೆಳೆಯರಿಗೆ ಫೋಟೊ ಕಳಿಸುವ ಮುಂಚೆ ಫೋನ್ ಕ್ಯಾಮೆರಾದ ಲೊಕೇಶನ್ ಆಫ್ ಆಗಿದೆಯಾ ನೋಡಿಕೊಳ್ಳಿ.